ಶಾಲು ಹೊದಿಸಿದರು, ಮಾತು ಕೇಳಲಿಲ್ಲ

ಓದುಗರ ಪತ್ರ: ನಮ್ಮೂರಿನ ಸೇವಾ ಕ್ಲಬ್ಬೊಂದು ಬೆಳಗಿನ ತಿಂಡಿ ಸಭೆಗೆ ನನ್ನನ್ನು ಅತಿಥಿಯಾಗಿ ಕರೆದಿತ್ತು. ಹಾವು ಕಡಿತದ ಬಗ್ಗೆ ಅರ್ಧ ಗಂಟೆ ಮಾತಾಡಿ ಅಂದಿದ್ದರು. ಸಿಕ್ಕಿದ್ದು ಏಳು ನಿಮಿಷ. ನನ್ನ ಪರಿಚಯಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಒಂದು ಪ್ರಶ್ನೆಯೂ ಬರಲಿಲ್ಲ. ಹಾರ, ಶಾಲು, ಪೇಟ ಹಾಕಿ ಕಳಿಸಿದರು. ಇಂಥ ಸಭೆಗಳಿಂದ ಊರಿಗೇನು ಲಾಭ? ಮತ್ತೆ ಕರೆದರೆ ಹೋಗಬೇಕಾ?
— ಒಬ್ಬ ವೈದ್ಯರು, ಮಂಡ್ಯ

ಸಂಪಾದಕರ ಉತ್ತರ:

ಡಾಕ್ಟರೇ, ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ. ಹೋಗಿ. ಆದರೆ ಷರತ್ತು ಹಾಕಿ ಹೋಗಿ.

ಆ ಸಭೆ ಹೇಗೆ ನಡೆದಿರುತ್ತೆ ಅಂತ ನಾವು ಊಹಿಸಬಲ್ಲೆವು. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ ಆಗುತ್ತದೆ. ಆ ವಾರ ಹುಟ್ಟಿದವರಿಗೆ, ಮದುವೆಯಾದವರಿಗೆ ಗುಲಾಬಿ ಕೊಟ್ಟು ಫೋಟೊ ತೆಗೆಯುತ್ತಾರೆ. ಕಾರ್ಯದರ್ಶಿಗಳು ವರದಿ ಓದುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನವರಿಗೆ ಖಾರಾಬಾತಿನ ವಾಸನೆ ಬಂದಿರುತ್ತೆ. ಆಮೇಲೆ ಅತಿಥಿಯ ಪರಿಚಯ. ನೀವು ಯಾವ ಹೈಸ್ಕೂಲಿನಲ್ಲಿ ಓದಿದಿರಿ ಅನ್ನೋದು ಹಾವು ಕಡಿದವನಿಗೆ ಯಾವ ಉಪಕಾರಕ್ಕೂ ಬರಲ್ಲ. ಆದರೂ ಅದನ್ನು ಓದದೆ ಬಿಡುವವರು ಕಡಿಮೆ. ಅಂಗಡಿ ಬಾಗಿಲು ತೆಗೆಯಬೇಕಾದವರು ಗಡಿಯಾರ ನೋಡತೊಡಗಿದಾಗ ಮೈಕು ನಿಮ್ಮ ಕೈಗೆ ಬರುತ್ತದೆ.

ಹಾಗಂತ ಆ ಸಭೆಯೇ ದಂಡ ಅನ್ನೋದನ್ನು ನಾವು ಒಪ್ಪಲ್ಲ. ಅಲ್ಲಿ ಕೂತಿದ್ದವರು ಯಾರು ಅಂತ ಒಮ್ಮೆ ನೆನೆಸಿಕೊಳ್ಳಿ. ಮಂಡ್ಯದ ಕ್ಲಬ್ಬು ಅಂದ ಮೇಲೆ ರೈಸ್ ಮಿಲ್ ಇಟ್ಟವರು, ಆಲೆಮನೆ ನಡೆಸುವವರು, ಗೊಬ್ಬರದ ಅಂಗಡಿಯವರು, ಒಬ್ಬಿಬ್ಬರು ಮೇಷ್ಟ್ರುಗಳು ಇದ್ದೇ ಇರುತ್ತಾರೆ, ಅಲ್ವಾ? ಕಬ್ಬಿನ ಗದ್ದೆಗೆ ಇಳಿಯುವವರು, ರಾತ್ರಿ ನೀರು ಕಟ್ಟಲು ಹೋಗುವವರು, ಆಲೆಮನೆಯ ನೆಲದಲ್ಲೇ ಚಾಪೆ ಹಾಸಿ ಮಲಗುವವರು ದಿನಾ ವ್ಯವಹರಿಸುವುದು ಇವರ ಜೊತೆಗೇ. ನೀವು ಆಸ್ಪತ್ರೆಯಲ್ಲಿ ಕೂತು ಅಷ್ಟು ಜನರನ್ನು ಮುಟ್ಟೋಕಾಗಲ್ಲ. ಗೊಬ್ಬರದ ಅಂಗಡಿಯ ಗೋಡೆಗೆ ಅಂಟಿಸಿದ ಒಂದು ಚಾರ್ಟು ಮುಟ್ಟುತ್ತದೆ.

ಈ ಕ್ಲಬ್ಬುಗಳು ಹುಟ್ಟಿದ್ದೂ ಹೀಗೆ ಬೇರೆ ಬೇರೆ ಕಸುಬಿನವರು ಒಟ್ಟಿಗೆ ಕೂತಿದ್ದರಿಂದಲೇ. 1905ರಲ್ಲಿ ಶಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ರೋಟರಿ ಶುರು ಮಾಡಿದಾಗ ಜೊತೆಗಿದ್ದವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಊರಿಗಾಗಿ ಅವರು ಮೊದಲು ಕೈಹಾಕಿದ ಕೆಲಸ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು! ಲಯನ್ಸ್‌ನವರ ಕಥೆ ನಿಮಗೆ ಇನ್ನೂ ಹತ್ತಿರದ್ದು. 1925ರಲ್ಲಿ ಅವರ ಸಮಾವೇಶಕ್ಕೆ ಅತಿಥಿಯಾಗಿ ಬಂದವರು ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲನ್ ಕೆಲರ್. ಕಣ್ಣಿಲ್ಲದವರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಲಯನ್ಸ್ ಇವತ್ತಿಗೂ ಕಣ್ಣಿನ ಕೆಲಸ ಬಿಟ್ಟಿಲ್ಲ. ಹೆಲನ್ ಕೆಲರ್ ಬಂದು ತಮ್ಮ ಜೀವನ ಚರಿತ್ರೆ ಹೇಳಿ ಹೋಗಲಿಲ್ಲ, ಕೂತವರಿಗೆ ಒಂದು ಕೆಲಸ ಹಚ್ಚಿ ಹೋದರು. ಅತಿಥಿಯಾಗಿ ಹೋದವರು ಮಾಡಬೇಕಾದ್ದು ಅದು. ಪತ್ರದಲ್ಲಿ ನೀವು ಕ್ಲಬ್ಬಿನವರ ತಪ್ಪುಗಳನ್ನೆಲ್ಲ ಬರೆದಿದ್ದೀರಿ, ಸರಿಯಾಗಿಯೇ ಬರೆದಿದ್ದೀರಿ. ಆದರೆ ಅವರಿಂದ ಏನು ಕೇಳಿದಿರಿ ಅಂತ ಎಲ್ಲೂ ಇಲ್ಲ.

ಏಳೇ ನಿಮಿಷ ಸಿಕ್ಕಿದರೂ ಏನೇನು ಹೇಳಬಹುದಿತ್ತು ನೋಡಿ. ಕಡಿದ ಜಾಗದ ಮೇಲೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಊತ ಬರುವ ಮೊದಲೇ ತೆಗೆಯಿರಿ. ಕಡಿಸಿಕೊಂಡವರನ್ನು ನಡೆಸಬೇಡಿ, ಕೈಕಾಲು ಅಲ್ಲಾಡದ ಹಾಗೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿದು ತರಬೇಕಾಗಿಲ್ಲ. ನಮ್ಮಲ್ಲಿ ಕೊಡುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಇನ್ನು ಕಟ್ಟುಹಾವಿನ ವಿಷಯವನ್ನು ಒತ್ತಿ ಹೇಳಲೇಬೇಕು. ಅದು ಹೆಚ್ಚಾಗಿ ಕಡಿಯೋದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವು, ಊತ ಅಷ್ಟಾಗಿ ಇರಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಜೋತು ಬೀಳುತ್ತೆ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಮನೆಯವರು ಸುಮ್ನೆ ಇದ್ದುಬಿಡುತ್ತಾರೆ. ಆಲೆಮನೆಯಲ್ಲಿ ಮಲಗುವವರಿಗೆ ಮಂಚ, ಸೊಳ್ಳೆಪರದೆ ಕೊಡಿಸಿ ಅಂತ ಅಲ್ಲೇ ಕೂತಿದ್ದ ಮಾಲೀಕರಿಗೆ ನೇರವಾಗಿ ಕೇಳಬಹುದಿತ್ತು. ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಹಾವೂ ಒಳಗೆ ಬರೋದು ಕಷ್ಟ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗೆ ಬಂದವರ ಲೆಕ್ಕ ಅದರಿಂದ ಸಿಗುತ್ತದೆ. ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆದವರನ್ನು ಆಸ್ಪತ್ರೆ ಕಡೆ ತಿರುಗಿಸೋಕೆ ಮಾತ್ರ ಊರಿನವರೇ ಬೇಕು.

ಈಗ ಷರತ್ತುಗಳು. ಪರಿಚಯ ಎರಡು ಸಾಲು, ಅದನ್ನೂ ನೀವೇ ಬರೆದುಕೊಡಿ. ಮಾತು ತಿಂಡಿಗೆ ಮೊದಲೇ ಮುಗಿಯಬೇಕು. ಬಿಸಿ ವಡೆ ಮುಂದಿದ್ದರೆ ಯಾರ ಮಾತೂ ನಡೆಯಲ್ಲ. ಪ್ರಶ್ನೆಗಳು ತಿಂಡಿಯ ಮೇಜಿನಲ್ಲಿ ಆಗಲಿ, ಮೈಕಿನಲ್ಲಿ ಕೇಳಲು ಮುಜುಗರ ಪಡುವವರು ಅಲ್ಲಿ ಧಾರಾಳವಾಗಿ ಕೇಳುತ್ತಾರೆ. ಶಾಲು, ಪೇಟ, ಮೊಮೆಂಟೊ ಬೇಡ ಅನ್ನಿ. ಆ ದುಡ್ಡಿನಲ್ಲಿ ಗೋಡೆಗೆ ಅಂಟಿಸುವ ಚಾರ್ಟು ಮಾಡಿಸಿ, ಯಾರ್ಯಾರ ಅಂಗಡಿ, ಮಿಲ್ಲಿಗೆ ಎಷ್ಟೆಷ್ಟು ಅಂತ ಅವತ್ತೇ ಬರೆಸಿಕೊಳ್ಳಿ. ಇಷ್ಟಕ್ಕೆ ಒಪ್ಪದ ಕ್ಲಬ್ಬಿಗೆ ಹೋಗಬೇಡಿ, ನಾವೂ ಒತ್ತಾಯ ಮಾಡಲ್ಲ.

ಕ್ಲಬ್ಬಿನವರಿಗೂ ಒಂದು ಮಾತು. ಬೆಳಿಗ್ಗೆ ಏಳೂವರೆಗೆ ಸಭೆ ಇಟ್ಟು ಹೆಣ್ಣುಮಕ್ಕಳು ಬರಲ್ಲ ಅಂತ ಗೊಣಗುವವರು, ಆ ಹೊತ್ತಿಗೆ ಮಕ್ಕಳ ಟಿಫಿನ್ ಬಾಕ್ಸ್ ಕಟ್ಟುವವರು ಯಾರು ಅಂತ ಮನೆಯಲ್ಲಿ ವಿಚಾರಿಸಿಕೊಳ್ಳಲಿ.

ಡಾಕ್ಟರೇ, ಅವತ್ತು ಹೇಳದೆ ಉಳಿದ ಮಾತನ್ನು ನಮಗೆ ಬರೆದು ಕಳಿಸಿ. ಎರಡು ಪುಟ ಕೊಡುತ್ತೇವೆ. ಚಾರ್ಟಿನ ಹಾಗೆ ಕತ್ತರಿಸಿ ಅಂಟಿಸುವಂತೆ ಅಚ್ಚು ಹಾಕಿಸುವ ಜವಾಬ್ದಾರಿ ನಮ್ಮದು. ನಿಮ್ಮ ಫೋಟೊ ಬೇಡ, ನಾಲ್ಕು ಹಾವಿನದು ಇದ್ದರೆ ಸಾಕು.