ಓದುಗರ ಪ್ರಶ್ನೆ: ಕಿವಿ ಕೇಳದ ಹುಡುಗನಿಗೆ ಖೋ ಕೊಡುವುದು ಹೇಗೆ?

ಪ್ರ: ನಮ್ಮ ಹೈಸ್ಕೂಲಿನ ಖೋ ಖೋ ತಂಡದ ಒಬ್ಬ ಹುಡುಗನಿಗೆ ಕಿವಿ ಕೇಳಿಸುವುದಿಲ್ಲ. ಓಟ ಚೆನ್ನಾಗಿದೆ. ಚೇಸಿಂಗಿಗೆ, ಅಂದರೆ ಎದುರಾಳಿಯನ್ನು ಬೆನ್ನಟ್ಟುವ ಸರದಿಗೆ, ಕೂರಿಸಿದರೆ ಮಾತ್ರ ಫೌಲ್ ಮೇಲೆ ಫೌಲ್. ಬದಲಿ ಆಟಗಾರನಾಗಿಯೇ ಇಟ್ಟುಕೊಳ್ಳಲೇ?
— ದೈಹಿಕ ಶಿಕ್ಷಕರು, ತಿ. ನರಸೀಪುರ ತಾಲ್ಲೂಕು

ಉ: ಬೇಡ. ಕೂತವನನ್ನು ಎಬ್ಬಿಸುವ ಖೋ ಎಂದರೆ ಬರೀ ಕೂಗಲ್ಲ, ಬೆನ್ನಿಗೆ ಕೈಯೂ ಬೀಳಬೇಕು. ಹಾಗಾಗಿ ಕಿವಿ ಕೇಳದವರಿಗೆ ಇಷ್ಟು ಒಗ್ಗುವ ತಂಡದಾಟ ಇನ್ನೊಂದು ಸಿಗುವುದು ಕಷ್ಟ. ಎಡವಟ್ಟಾಗುವುದು ಆ ಕೈಯ ಗುರುತಿನಲ್ಲಿ. ಓಡುತ್ತಿರುವ ಚೇಸರ್ ಆಯ ತಪ್ಪಿ ಭುಜ ಸವರಿದರೂ ಖೋ ಬಂತೆಂದು ಇವನು ಏಳುತ್ತಾನೆ, ಸೀಟಿ ಬೀಳುತ್ತದೆ. ಬೆರಳ ತುದಿ ತಾಗಿಸಿದರೆ ಏಳುವುದೇ ಇಲ್ಲ. ಆದ್ದರಿಂದ ಇಡೀ ತಂಡಕ್ಕೆ ಒಂದೇ ಪದ್ಧತಿ ಮಾಡಿ: ಅಂಗೈ ಪೂರ್ತಿ, ಬೆನ್ನಿನ ಮೇಲ್ಭಾಗಕ್ಕೆ, ಒಂದೇ ಸಲ, ಒತ್ತಿ. ಕುತ್ತಿಗೆ ಮುಟ್ಟುವಂತಿಲ್ಲ. ತಪ್ಪಿಸಿಕೊಂಡು ಓಡುವ ರನ್ನರ್ ಎಡಕ್ಕಿದ್ದರೆ ಬೆನ್ನಿನ ಎಡಭಾಗ, ಬಲಕ್ಕಿದ್ದರೆ ಬಲಭಾಗ. ಹೊರಗಿನಿಂದ ನಾವು ‘ಲೆಫ್ಟ್, ಲೆಫ್ಟ್’ ಎಂದು ಅರಚುವುದು ಇವನಿಗೆ ತಲುಪದು, ಬೆನ್ನು ತಲುಪಿಸುತ್ತದೆ. ದಿನಕ್ಕೆ 20 ಖೋ ಹೀಗೇ ಕೊಡಿಸಿ, ಎರಡು ವಾರ. ಕೇಳಿಸುವ ಹುಡುಗರ ಏಳುವ ವೇಗವೂ ಇದರಿಂದ ಸುಧಾರಿಸುತ್ತದೆ.

ಅವನೇ ಖೋ ಕೊಡುವಾಗ ಉಚ್ಚಾರ ಸ್ಪಷ್ಟವಿರದಿದ್ದರೆ ಅಂಪೈರಿಗೆ ಅದು ಖೋ ಅನ್ನಿಸದೆ ಹೋಗಬಹುದು. ಪಂದ್ಯದ ನಡುವೆ ವಾದ ಬೇಡ, ಟಾಸ್‌ಗೆ ಮೊದಲೇ ಅವನನ್ನು ಕರೆದೊಯ್ದು ಒಮ್ಮೆ ಕೂಗಿಸಿ ತೋರಿಸಿ, ಸಂಘಟಕರಿಗೆ ಒಂದು ಪತ್ರವನ್ನೂ ಕೊಡಿ. ಸೀಟಿ ಊದಿದಾಗ ಕೈಯನ್ನೂ ಎತ್ತಲು ಅಂಪೈರನ್ನು ಕೇಳಿಕೊಳ್ಳಿ. ಎಂಟು ಚೌಕಗಳಲ್ಲಿ ಅಕ್ಕಪಕ್ಕದವರು ಎದುರು ದಿಕ್ಕಿಗೆ ಮುಖ ಮಾಡಿ ಕೂರುತ್ತಾರಲ್ಲ, ಅವನಿಗೆ ಅರ್ಧ ಅಂಗಳವೇ ಕಾಣುವುದು. ಆ ಅರ್ಧದ ಕಡೆ, ಅಂಗಳದ ಹೊರಗೆ, ಸೀಟಿ ಬಿದ್ದಾಗ ಕೈ ಎತ್ತುವ ಒಬ್ಬ ಜೊತೆಗಾರ ಇರಲೇಬೇಕು.

ಪಾಠ ಹೇಳುವಾಗ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಡಿ, ನಿಮ್ಮ ಮುಖ ನೆರಳಾಗಿ ತುಟಿ ಕಾಣದು. ಸೀಟಿ ಕಚ್ಚಿಕೊಂಡು ಮಾತಾಡುವ ಚಾಳಿ ನಮ್ಮಲ್ಲಿ ಬಹಳ, ಅದನ್ನೂ ಬಿಡಿ. ಪೋಲ್ ಡೈವ್ (ಕಂಬದ ಬಳಿ ಮೈಚಾಚಿ ನೆಗೆದು ರನ್ನರನ್ನು ಮುಟ್ಟುವುದು) ಮಾಡಿಸುವ ದಿನ ಶ್ರವಣ ಯಂತ್ರ ತೆಗೆಸಿ, ಬೆವರು ಒರೆಸಿ ಒಣ ಡಬ್ಬಿಯಲ್ಲಿಡಿ. ಕಿವಿಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ಯಂತ್ರ ಕೂರಿಸಿದ್ದರೆ ತಲೆಗೆ ಪೆಟ್ಟು ಬೀಳುವ ಡೈವ್ ವೈದ್ಯರನ್ನು ಕೇಳದೆ ಬೇಡವೇ ಬೇಡ.

ಪ್ರ: ಮಗಳಿಗೆ 16. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಪ್ರಾಕ್ಟೀಸ್. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಆಟಗಾರ್ತಿಯರಿಗೆ ಇದೆಲ್ಲ ಮಾಮೂಲಿ ಎನ್ನುತ್ತಾರೆ, ಹೌದೇ?
— ಒಬ್ಬ ತಾಯಿ, ಹಾಸನ

ಉ: ಅಲ್ಲಮ್ಮ. ಮೂರು ತಿಂಗಳು ನಿಂತರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು, ನೀವು ಈಗಾಗಲೇ ಒಂದು ತಿಂಗಳು ತಡ. ಕಾರಣಗಳು ಹಲವು, ಥೈರಾಯ್ಡ್ ಸಹ ಇರಬಹುದು, ಪರೀಕ್ಷೆಯಲ್ಲಿ ತಿಳಿಯುತ್ತದೆ. ಆಡುವ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಓಡಿದಷ್ಟು ತಿನ್ನದಿರುವುದು. ಮೈ ಉಳಿತಾಯಕ್ಕೆ ಇಳಿದು ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸವೆಯುತ್ತದೆ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದ ನೋವಿದ್ದರೆ ಓಟ ಅಂದೇ ನಿಲ್ಲಲಿ.

ವೈದ್ಯರ ಭೇಟಿಯವರೆಗೆ ಒಂದು ಹೊತ್ತಿನ ಪ್ರಾಕ್ಟೀಸ್ ಸಾಕು, ವಾರಕ್ಕೊಂದು ದಿನ ಪೂರ್ತಿ ರಜೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ಒಂದು ಬಾಳೆಹಣ್ಣಾದರೂ ಇರಲಿ. ಮುಗಿದ ಅರ್ಧ ಗಂಟೆಯೊಳಗೆ ಹಾಲು ಹಾಕಿದ ರಾಗಿ ಮಾಲ್ಟ್, ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಬೇಯಿಸಿದ ಕಡಲೆಕಾಯಿ. ಕೋಚ್‌ಗಳಿಗೂ ಒಂದು ಮಾತು: ಎಲ್ಲರೆದುರು ತೂಕ ನೋಡಿ ‘ದಪ್ಪ ಆದೆ’ ಎನ್ನುವುದನ್ನು ನಿಲ್ಲಿಸಿ. ಎಷ್ಟೋ ಹುಡುಗಿಯರು ಊಟ ಬಿಡುವುದು ಅಲ್ಲಿಂದಲೇ. ಮುಟ್ಟಿನ ವಿಷಯ ವಿಚಾರಿಸಲು ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿ.

ಪ್ರ: ಬೇಗ ಔಟಾಗಿ ಬಂದ ಹುಡುಗನನ್ನು ಸೀನಿಯರ್‌ಗಳು ಬೈಯುತ್ತಾರೆ. ಏನು ಮಾಡಲಿ?
— ತಂಡದ ನಾಯಕ, ಶಿವಮೊಗ್ಗ

ಉ: ರನ್ನರ್‌ಗಳು ಮೂವರ ಬ್ಯಾಚಿನಲ್ಲಿ ಇಳಿಯುತ್ತಾರೆ, ತಪ್ಪೂ ಬಹುಪಾಲು ಮೂವರದ್ದೇ. ಬ್ಯಾಚ್ ಪೂರ್ತಿ ಔಟಾಗುವವರೆಗೆ ಯಾರೂ ತುಟಿ ಬಿಚ್ಚಬಾರದು. ಆಮೇಲೆ ಔಟಾದವನೇ ಮೊದಲು ಹೇಳಲಿ, ಸೀನಿಯರ್ ಕೊನೆಗೆ. ಸೀನಿಯರ್ ಔಟಾದ ದಿನವೂ ಇದೇ ಲೆಕ್ಕ.