ಕಲಬುರಗಿಯಿಂದ ಊಟಿಗೆ: ಮೂರು ರಾತ್ರಿಯಲ್ಲಿ ಏನು ನೋಡಬೇಕು, ಏನು ಬಿಡಬೇಕು?

ಮೇ ತಿಂಗಳಲ್ಲಿ ಕಲಬುರಗಿಯಿಂದ ಊಟಿಗೆ ಹೊರಟಿದ್ದೀರಿ. ಜೊತೆಗೆ ವಯಸ್ಸಾದ ಅಪ್ಪ-ಅವ್ವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೆಟ್ಟದ ಮೇಲೆ ಮೂರು ರಾತ್ರಿ. ಒಂದೇ ದಿನದಲ್ಲಿ ಹನ್ನೆರಡು ಪಾಯಿಂಟ್ ತೋರಿಸುವ ಪ್ಯಾಕೇಜ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ನಾನೂ ಕಲಬುರಗಿಯವನೇ, ನಮ್ಮ ಅವ್ವನನ್ನು ಕರೆದುಕೊಂಡು ಹೋಗಿ ಬಂದವನು. ಬೇಡ ಅನ್ನುತ್ತೇನೆ.

ಮೇ ತಿಂಗಳಲ್ಲಿ ಊಟಿಯ ರಸ್ತೆಗಳು ತುಂಬಿ ಹೋಗಿರುತ್ತವೆ. ಹನ್ನೆರಡು ಪಾಯಿಂಟ್ ಅಂದರೆ ಹನ್ನೆರಡು ಸಲ ಪಾರ್ಕಿಂಗ್ ಹುಡುಕಬೇಕು, ಹನ್ನೆರಡು ಸಲ ಹಿರಿಯರನ್ನು ಇಳಿಸಿ ಹತ್ತಿಸಬೇಕು. ಅವರು ನೋಡುವುದು ಮುಂದಿನ ಗಾಡಿಯ ಹಿಂಭಾಗವನ್ನೇ. ಬಯಲುಸೀಮೆಯ ನಮಗೆ ಬೆಟ್ಟವೇ ನೋಡುವ ಜಾಗ, ಅಲ್ವಾ? ಅದು ಕಾಣುವುದು ದಾರಿಯಲ್ಲಿ. ಹಾಗಾಗಿ ಹತ್ತುವುದು ಒಂದು ದಾರಿ, ಇಳಿಯುವುದು ಇನ್ನೊಂದು ದಾರಿ ಮಾಡಿಕೊಳ್ಳಿ. ಕೊಯಮತ್ತೂರು ಕಡೆಯಿಂದ ರೈಲಿನಲ್ಲಿ ಹತ್ತಿ, ಮೈಸೂರು ಕಡೆಗೆ ಕಾರಿನಲ್ಲಿ ಇಳಿಯಿರಿ. ಆಗ ನೋಡಬೇಕಾದ್ದರಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಸಿಗುತ್ತದೆ.

ನಮ್ಮೂರಿನಿಂದ ಇದು ಕಷ್ಟವಲ್ಲ. ಮುಂಬೈನ ಕುರ್ಲಾದಿಂದ ಕೊಯಮತ್ತೂರಿಗೆ ಹೋಗುವ ಎಕ್ಸ್‌ಪ್ರೆಸ್ ಕಲಬುರಗಿ, ಯಾದಗಿರಿ ಮೇಲೆಯೇ ಹೋಗುತ್ತದೆ. ಕೂತರೆ ಸೀದಾ ಕೊಯಮತ್ತೂರು. ಅಲ್ಲಿಂದ ಬೆಟ್ಟದ ರೈಲು ಹೊರಡುವ ಮೆಟ್ಟುಪಾಳ್ಯಂ ಹತ್ತಿರ. ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು, ಏಕೆಂದರೆ ಆ ರೈಲು ಬೆಳಿಗ್ಗೆ 7ರ ಸುಮಾರಿಗೆ ಹೊರಡುತ್ತದೆ.

ಈ ರೈಲಿನ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ನನ್ನ ಮಟ್ಟಿಗೆ ಊಟಿ ಪ್ರವಾಸದ ಜೀವಾಳವೇ ಇದು. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಇಷ್ಟು ದೂರಕ್ಕೆ ಹತ್ತಿರ ಹತ್ತಿರ ಐದು ತಾಸು. 1899ರಲ್ಲಿ ಕೂನೂರಿನವರೆಗೆ ಬಂತು, 1908ರಲ್ಲಿ ಊಟಿ ಮುಟ್ಟಿತು, 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದಾರಿಯಲ್ಲಿ 16 ಸುರಂಗ, 250 ಸೇತುವೆ, 208 ತಿರುವು. ಮಕ್ಕಳಿಗೆ ಸುರಂಗ ಎಣಿಸುವ ಕೆಲಸ ಕೊಡಿ, ಮೊಬೈಲ್ ಕೇಳುವುದಿಲ್ಲ.

ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಹಳಿಗಳ ನಡುವೆ ನೋಡಿ. ಹಲ್ಲುಗಳಿರುವ ಕಬ್ಬಿಣದ ಪಟ್ಟಿ ಕಾಣುತ್ತದೆ. ಎಂಜಿನ್ನಿನ ಕೆಳಗಿನ ಹಲ್ಲುಗಾಲಿ ಅದನ್ನು ಕಚ್ಚಿ ಹಿಡಿದು ಹತ್ತುತ್ತದೆ. ಅಲ್ಲಿ 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ ಏರುವಷ್ಟು ಕಡಿದಾದ ಏರಿದೆ. ಬರೀ ಹಳಿಯ ಮೇಲಾದರೆ ಗಾಲಿ ಜಾರಿಬಿಡುತ್ತದೆ. ಇನ್ನೊಂದು ವಿಷಯ, ಹತ್ತುವಾಗ ಎಂಜಿನ್ ಮುಂದೆ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಯಾವುದಾದರೂ ಕೊಂಡಿ ಬಿಟ್ಟರೂ ಡಬ್ಬಿಗಳು ಕೆಳಗೆ ಓಡಬಾರದು ಅಂತ. ಹಾಗಾಗಿ ಮುಂದಿನ ಡಬ್ಬಿಯಲ್ಲಿ ಕೂತವರಿಗೆ ಹಾದಿ ಪೂರ್ತಿ ತೆರೆದಿರುತ್ತದೆ. ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸಲು ನಿಲ್ಲಿಸುತ್ತಾರೆ. ಚಹಾ, ವಡೆ ಸಿಗುತ್ತದೆ. ಮಂಗಗಳಿವೆ, ಕೈಯಲ್ಲಿ ತಿಂಡಿ ಹಿಡಿದು ಇಳಿಯಬೇಡಿ.

ಟಿಕೆಟ್ 60 ದಿನ ಮೊದಲು ರೈಲ್ವೆ ವೆಬ್‌ಸೈಟಿನಲ್ಲಿ ತೆರೆಯುತ್ತದೆ. ಮೇ ತಿಂಗಳಿನದು ಬೇಗ ಮುಗಿಯುತ್ತದೆ. ಮೊದಲು ಈ ಟಿಕೆಟ್ ಮಾಡಿಸಿ. ಹೋಟೆಲು, ಉಳಿದ ರೈಲು ಎಲ್ಲಾ ಆ ತಾರೀಖಿಗೆ ಹೊಂದಿಸಿಕೊಳ್ಳಿ.

ಟಿಕೆಟ್ ಊಟಿಯವರೆಗೆ ತಗೊಳ್ಳಬೇಡಿ, ಕೂನೂರಿಗೆ ತಗೊಳ್ಳಿ. ಕಡಿದಾದ ಏರು, ದಟ್ಟ ಕಾಡು, ಕಣಿವೆ ಎಲ್ಲಾ ಕೂನೂರಿಗೆ ಮುಗಿಯುತ್ತದೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಇಳಿಯುತ್ತೀರಿ, ಹಿರಿಯರಿಗೆ ಅಷ್ಟು ಕೂತದ್ದೇ ಸಾಕಾಗಿರುತ್ತದೆ. ಮೊದಲ ರಾತ್ರಿ ಅಲ್ಲೇ ಇರಿ. ಕೂನೂರು ಊಟಿಗಿಂತ ಸ್ವಲ್ಪ ಕೆಳಗಿದೆ, ಚಳಿ ಕಡಿಮೆ. 42 ಡಿಗ್ರಿ ಬಿಸಿಲಿನಿಂದ ಹೊರಟವರು ಸೀದಾ 2,240 ಮೀಟರ್ ಎತ್ತರದ ಊಟಿಗೆ ಹೋಗಿ ರಾತ್ರಿ 12 ಡಿಗ್ರಿಯಲ್ಲಿ ಮಲಗಿದರೆ ಮೈ ಒಗ್ಗುವುದಿಲ್ಲ. ನಮ್ಮ ಅವ್ವ ಮೊದಲ ರಾತ್ರಿ ಕೂನೂರಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದಳು, ಮಾರನೇ ದಿನ ಊಟಿಯ ಚಳಿಗೆ ಹೆದರಲಿಲ್ಲ. ಸ್ವೆಟರ್, ಕಿವಿಗೆ ಕಟ್ಟಿಕೊಳ್ಳುವ ಮಫ್ಲರ್, ಕಾಲುಚೀಲ ನಮ್ಮೂರಲ್ಲಿ ಮೇ ತಿಂಗಳಲ್ಲಿ ನೆನಪಾಗುವ ವಸ್ತುಗಳೇ ಅಲ್ಲ. ಮರೆಯದೆ ಬ್ಯಾಗಿಗೆ ಹಾಕಿ.

ಸಂಜೆ ಸಿಮ್ಸ್ ಪಾರ್ಕ್ ನೋಡಿ. 1874ರ ತೋಟ. ಇಳಿಜಾರಿನಲ್ಲಿದೆ, ಕೆಳಗಿನವರೆಗೆ ಹೋದರೆ ವಾಪಸ್ ಹತ್ತಬೇಕು. ಅಪ್ಪ-ಅವ್ವನಿಗೆ ಮೊಣಕಾಲು ನೋವಿದ್ದರೆ ಮೇಲಿನ ಬೆಂಚಿನ ಮೇಲೆ ಕೂರಿಸಿ. ಮರಗಳೇ ಇಲ್ಲಿನ ಹೆಚ್ಚುಗಾರಿಕೆ, ಹೂವು ಆಮೇಲೆ. ರುದ್ರಾಕ್ಷಿ ಮರವೂ ಇದೆ. ನಮ್ಮ ಅವ್ವ ಅದರ ಕೆಳಗಿನಿಂದ ಏಳಲಿಲ್ಲ. ಕೊರಳಿಗೆ ಕಟ್ಟಿಕೊಳ್ಳುವುದು ಮರದಲ್ಲಿ ಹಣ್ಣಾಗಿ ಬೆಳೆಯುತ್ತದೆ ಎಂದು ಕಣ್ಣಾರೆ ನೋಡುವುದೇ ಬೇರೆ. ಮೇ ತಿಂಗಳಲ್ಲಿ ಇದೇ ಪಾರ್ಕಿನಲ್ಲಿ ಹಣ್ಣುಗಳ ಪ್ರದರ್ಶನ ನಡೆಯುತ್ತದೆ, ತಾರೀಖು ಕೂಡಿ ಬಂದರೆ ಬಿಡಬೇಡಿ.

ಎರಡನೇ ದಿನ ಬೇಗ ಎದ್ದು ಡಾಲ್ಫಿನ್ಸ್ ನೋಸ್ ಎಂಬ ಬಂಡೆಯ ತುದಿಯ ಕಡೆಗೆ ಹೋಗಿ. ದಾರಿಯಲ್ಲಿ ಲ್ಯಾಂಬ್ಸ್ ರಾಕ್ ಸಿಗುತ್ತದೆ. ರಸ್ತೆಯ ಎರಡೂ ಕಡೆ ಚಹಾ ತೋಟ. ತುದಿಯಲ್ಲಿ ನಿಂತರೆ ಎದುರಿನ ಬೆಟ್ಟದಿಂದ ಕ್ಯಾಥರಿನ್ ಜಲಪಾತ ಬೀಳುವುದು ಕಾಣುತ್ತದೆ. ಕೆಳಗೆ ಕಣಿವೆ, ಅದರಾಚೆ ಬಯಲು. ಇದನ್ನು ಒಂಬತ್ತರೊಳಗೆ ಮುಗಿಸಿ. ಹೊತ್ತೇರಿದಂತೆ ಕಣಿವೆಯಿಂದ ಮಂಜು ಮೇಲೆ ಬರುತ್ತದೆ, ಬಂತೆಂದರೆ ಎದುರಿಗಿದ್ದ ಜಲಪಾತ ಇಲ್ಲ. ಮಂಗಗಳು ಇಲ್ಲೂ ಇವೆ.

ಮಧ್ಯಾಹ್ನ ಮತ್ತೆ ರೈಲು. ಕೂನೂರು-ಊಟಿ ನಡುವೆ ದಿನಕ್ಕೆ ಕೆಲವು ಗಾಡಿಗಳಿವೆ, ಡೀಸೆಲ್ ಎಂಜಿನ್, ಒಂದು ತಾಸಿನ ಆಸುಪಾಸು. ಕೇತಿ ಕಣಿವೆ, ಲವ್‌ಡೇಲ್ ಈ ದಾರಿಯಲ್ಲೇ ಬರುತ್ತವೆ. ಕೇತಿಯ ಮೆಟ್ಟಿಲು ಮೆಟ್ಟಿಲು ಹೊಲಗಳಲ್ಲಿ ಗಜ್ಜರಿ, ಬೀಟ್‌ರೂಟ್, ಆಲೂಗಡ್ಡೆ. ಕರಿ ಮಣ್ಣಿನಲ್ಲಿ ತೊಗರಿ ನೋಡಿ ಬೆಳೆದ ನಿಮ್ಮ ಅಪ್ಪನಿಗೆ ಆ ಕೆಂಪು ಮಣ್ಣು, ಇಳಿಜಾರಿನ ಸಾಲು ಖಂಡಿತ ಹಿಡಿಸುತ್ತದೆ. ಈ ಹೊಲಗಳಲ್ಲಿ, ಸಣ್ಣ ಚಹಾ ತೋಟಗಳಲ್ಲಿ ಈ ಬೆಟ್ಟದ ಬಡಗ ಸಮುದಾಯದವರೇ ಜಾಸ್ತಿ. ಅವರ ಮಾತು ಕನ್ನಡಕ್ಕೆ ತುಂಬಾ ಹತ್ತಿರ. ಹಿರಿಯರು ಸಿಕ್ಕರೆ ನಿಧಾನವಾಗಿ ಮಾತಾಡಿಸಿ. ಮಳೆ, ಬೆಳೆ, ಮಕ್ಕಳು ಅಂತ ಶುರುವಾದರೆ ಇಬ್ಬರಿಗೂ ಅರ್ಥವಾಗುತ್ತದೆ. ಯಾವ ಪಾಯಿಂಟಿನಲ್ಲೂ ನಿಮ್ಮ ಅಪ್ಪನಿಗೆ ಇಂಥ ಮಾತುಕತೆ ಸಿಗಲಿಕ್ಕಿಲ್ಲ.

ಮೂರನೇ ದಿನ ಊಟಿ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ದೊಡ್ಡಬೆಟ್ಟ. 2,637 ಮೀಟರ್, ನೀಲಗಿರಿಯಲ್ಲೇ ಎತ್ತರದ ತುದಿ. ಊರಿನಿಂದ ಸುಮಾರು 10 ಕಿ.ಮೀ. ಹತ್ತು ಗಂಟೆಯ ಮೇಲೆ ಹೋಗುವುದಾದರೆ ಬಿಟ್ಟೇಬಿಡಿ, ರಸ್ತೆಯಲ್ಲಿ ನಿಂತು ದಿನ ಕಳೆಯುತ್ತದೆ.

ಆಮೇಲೆ ಸರ್ಕಾರಿ ಸಸ್ಯೋದ್ಯಾನ. 1848ರಲ್ಲಿ ಶುರುವಾದದ್ದು, ಸುಮಾರು 55 ಎಕರೆ. ಮೇ ತಿಂಗಳಲ್ಲಿ ಪುಷ್ಪ ಪ್ರದರ್ಶನ ಇಲ್ಲೇ. ಜನ ಹೂವಿನ ಮುಂದೆ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ನೀವು ಮಕ್ಕಳಿಗೆ ಅಲ್ಲಿರುವ ಕಲ್ಲಾದ ಮರವನ್ನು ತೋರಿಸಿ, 2 ಕೋಟಿ ವರ್ಷ ಹಳೆಯದು. ಮುಟ್ಟಿದರೆ ನಮ್ಮ ಶಹಾಬಾದ್ ಕಲ್ಲಿನಷ್ಟೇ ಗಟ್ಟಿ, ನೋಡಿದರೆ ಮರದ ತೊಗಟೆ. ತೋಟದ ಮೇಲ್ತುದಿಯಲ್ಲಿ ತೋಡರೆಂಬ ಬೆಟ್ಟದ ಬುಡಕಟ್ಟಿನವರ ಒಂದು ಮಂದ್ ಇದೆ, ಅಂದರೆ ಅವರ ಕೇರಿ. ಬಾಗಿದ ಚಾವಣಿಯ ಗುಡಿಸಲು. ಗುಡಿಯ ಒಳಗೆ ಹೋಗುವಂತಿಲ್ಲ, ಕೇಳದೆ ಫೋಟೋ ತೆಗೆಯಬೇಡಿ. ಬಿಳಿ ಬಟ್ಟೆಯ ಮೇಲೆ ಕೆಂಪು-ಕಪ್ಪು ದಾರದಲ್ಲಿ ಹಾಕುವ ಅವರ ಕಸೂತಿಗೆ 2013ರಲ್ಲಿ ಜಿಐ, ಅಂದರೆ ಆ ಜಾಗದ್ದೇ ವಿಶೇಷ ಎನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಊಟಿಯಿಂದ ಏನಾದರೂ ತರಬೇಕು ಅಂದರೆ ನಾನು ಹೇಳುವುದು ಇದನ್ನೇ. ಒಂದು ಶಾಲು ಮಾಡಲು ಹೆಂಗಸರು ವಾರಗಟ್ಟಲೆ ಕೂತಿರುತ್ತಾರೆ, ಅದಕ್ಕೇ ಬೆಲೆ ಜಾಸ್ತಿ. ಚೌಕಾಸಿ ಮಾಡಬೇಡಿ.

ಸೇಂಟ್ ಸ್ಟೀಫನ್ ಚರ್ಚ್‌ಗೆ ಅರ್ಧ ಗಂಟೆ ಕೊಡಿ. 1831ರಲ್ಲಿ ತೆರೆದದ್ದು. ಅದರ ದೊಡ್ಡ ತೊಲೆಗಳನ್ನು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ ಬಿಚ್ಚಿ ತಂದರು. ಆಗ ಘಾಟಿನಲ್ಲಿ ಸರಿಯಾದ ರಸ್ತೆಯೂ ಇರಲಿಲ್ಲ. ಆ ತೊಲೆಗಳನ್ನು ಮೇಲೆ ಹೊತ್ತವರು ಯಾರು, ಎಷ್ಟು ಕಷ್ಟಪಟ್ಟರು ಅಂತ ಒಳಗೆ ನಿಂತಾಗ ಯೋಚನೆ ಬರದೆ ಇರುವುದಿಲ್ಲ.

ಊಟಿ ಕೆರೆ 1820ರ ದಶಕದಲ್ಲಿ ಆಗಿನ ಕೊಯಮತ್ತೂರು ಕಲೆಕ್ಟರ್ ಜಾನ್ ಸಲ್ಲಿವನ್ ಕಟ್ಟಿಸಿದ್ದು. ಮಕ್ಕಳು ಬೋಟ್ ಕೇಳಿದರೆ ಹೋಗಿ, ಇಲ್ಲದಿದ್ದರೆ ಬಿಡಿ. ಗುಲಾಬಿ ತೋಟ ಚಂದ, ಆದರೆ ಹಂತ ಹಂತವಾಗಿ ಇಳಿಯಬೇಕು, ಹಿರಿಯರಿಗೆ ಹೇಳಿದ್ದಲ್ಲ. ಅದರ ಬದಲು ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನ ಇದೆ, 38 ಎಕರೆ. ಕನ್ನಡದಲ್ಲೇ ಮಾತಾಡಬಹುದು. ಮೇಣದ ಗೊಂಬೆ, ಭೂತದ ಮನೆ, ಚಾಕೊಲೇಟ್ ಫ್ಯಾಕ್ಟರಿ ಇವನ್ನೆಲ್ಲಾ ಪ್ಯಾಕೇಜಿನವರು ಸುಮ್ನೆ ಪಾಯಿಂಟ್ ಲೆಕ್ಕಕ್ಕೆ ಸೇರಿಸುತ್ತಾರೆ. ಅವನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ.

ನಾಲ್ಕನೇ ದಿನ ಇಳಿಯುವ ದಾರಿ. ಊಟಿಯಿಂದ ಮೈಸೂರಿಗೆ ಟ್ಯಾಕ್ಸಿ ಮಾಡಿ, ಗೂಡಲೂರು ಮೇಲೆ ಹೋಗೋಣ ಎಂದು ಮೊದಲೇ ಹೇಳಿ. ಪೈನ್ ಮರದ ಕಾಡು, ಶೂಟಿಂಗ್ ನಡೆಯುವ ಹುಲ್ಲಿನ ಗುಡ್ಡ, ಪೈಕಾರ ಜಲಪಾತ, ಪೈಕಾರ ಜಲಾಶಯ ಎಲ್ಲಾ ಈ ರಸ್ತೆಯ ಮೇಲೇ ಇವೆ. ಪ್ಯಾಕೇಜಿನವರು ಇದಕ್ಕೆಂದೇ ಒಂದು ದಿನದ ದುಡ್ಡು ತಗೊಂಡು ಹೋಗಿ ವಾಪಸ್ ಊಟಿಗೆ ಕರೆತರುತ್ತಾರೆ. ನಿಮಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ಆ ಹುಲ್ಲಿನ ಗುಡ್ಡದ ಬಗ್ಗೆ ಮಕ್ಕಳಿಗೆ ಒಂದು ಮಾತು ಹೇಳಿ. ನೀಲಗಿರಿಯ ಮೂಲ ರೂಪ ಇದೇ. ಗುಡ್ಡದ ಮೇಲೆಲ್ಲಾ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಶೋಲಾ ಕಾಡು. ಹುಲ್ಲಿನ ಬೇರು ಹತ್ತಿಯ ಹಾಗೆ ಮಳೆನೀರು ಹೀರಿ ಇಟ್ಟುಕೊಳ್ಳುತ್ತದೆ, ಮಳೆ ನಿಂತ ಮೇಲೂ ತೊರೆಗಳಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನೀಲಗಿರಿ ಮರ, ವ್ಯಾಟಲ್, ಪೈನ್, ಚಹಾ ಎಲ್ಲವನ್ನೂ ಬ್ರಿಟಿಷರ ಕಾಲದಿಂದೀಚೆಗೆ ನೆಟ್ಟದ್ದು. ಪೈನ್ ಕಾಡು ಫೋಟೋಕ್ಕೆ ಚೆನ್ನಾಗಿದೆ, ಆದರೆ ಅದರ ಕೆಳಗೆ ಬೇರೆ ಗಿಡ ಬೆಳೆದದ್ದು ಕಡಿಮೆ. ಪಕ್ಕದಲ್ಲೇ ಒಂದು ಶೋಲಾ ತುಣುಕು ಕಂಡರೆ ಎರಡನ್ನೂ ಹೋಲಿಸಿ ನೋಡಿ. 2019ರ ಆಗಸ್ಟ್‌ನಲ್ಲಿ ಈ ಬೆಟ್ಟದ ಅವಲಾಂಚಿಯಲ್ಲಿ ಒಂದೇ ದಿನ 900 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ನಮ್ಮ ಕಲಬುರಗಿಗೆ ವರ್ಷವಿಡೀ ಬೀಳುವ ಮಳೆಗಿಂತ ಅದು ಜಾಸ್ತಿ. ಅಂಥ ಮಳೆಯನ್ನು ಹಿಡಿದಿಡುವ ಹುಲ್ಲಿನ ಮೇಲೆ ಕುರ್ಕುರೆ ಚೀಟಿ ಬಿಸಾಡಿ ಬರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ಲಾಸ್ಟಿಕ್ ಮಾತು ಬಂತಲ್ಲ, ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವಂತಿಲ್ಲ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಅಲ್ಲಲ್ಲಿ ನೀರಿನ ಎಟಿಎಂಗಳಿವೆ. ನಾನು ಹೇಳಿದ ಹಾಗೆ ರೈಲಿನಲ್ಲಿ ಹೋದರೆ ಇ-ಪಾಸ್ (ಗಾಡಿ ಬೆಟ್ಟಕ್ಕೆ ಒಯ್ಯಲು ಬೇಕಾದ ಆನ್‌ಲೈನ್ ಪರವಾನಗಿ) ಚಿಂತೆ ಇಲ್ಲ. ಸ್ವಂತ ಕಾರಿನಲ್ಲೇ ಹೋಗುತ್ತೇವೆ ಅಂದರೆ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಬಂದಿದೆ. 2025ರ ಬೇಸಿಗೆಯಲ್ಲಿ ವಾರದ ದಿನ 6,000, ಶನಿವಾರ-ಭಾನುವಾರ 8,000 ಗಾಡಿ ಅಂತ ಮಿತಿ ಇಟ್ಟಿದ್ದರು. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿ. ಮತ್ತೆ, ನಮ್ಮ ನೇರ ರಸ್ತೆಗಳಲ್ಲಿ ಮಾತ್ರ ಕಾರು ಓಡಿಸಿದವರಾದರೆ ಮಸಿನಗುಡಿ ಕಡೆಯ 36 ತಿರುವಿನ ಕಲ್ಲಟ್ಟಿ ಘಾಟ್ ಬೇಡ. ಗೂಡಲೂರು ದಾರಿ ಉದ್ದವಾದರೂ ಸುರಕ್ಷಿತ. ಇಳಿಯುವಾಗ ಎರಡನೇ ಗೇರಿನಲ್ಲಿಡಿ, ಬರೀ ಬ್ರೇಕ್ ಮೇಲೆ ಇಳಿದರೆ ಬ್ರೇಕ್ ಕಾದು ಹಿಡಿಯುವುದಿಲ್ಲ.

ಊಟದ ಬಗ್ಗೆಯೂ ಕೇಳಿದ್ದೀರಿ. ಇಡ್ಲಿ, ದೋಸೆ, ಅನ್ನ ಎಲ್ಲಾ ಕಡೆ ಸಿಗುತ್ತದೆ. ರೊಟ್ಟಿ ಇಲ್ಲದೆ ಆಗದ ಹಿರಿಯರಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಆ ಚಳಿಗೆ ಹಿಂಡಿ ಕೆಡುವುದಿಲ್ಲ. ಅಡುಗೆಮನೆ ಇರುವ ಕಾಟೇಜ್ ಹಿಡಿದು ನಮ್ಮ ತೊಗರಿ ಬೇಳೆ ಒಯ್ದರೆ ಕುಕ್ಕರ್ ಇದೆಯಾ ಅಂತ ಮೊದಲೇ ಕೇಳಿ. ಆ ಎತ್ತರದಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಬೇಕು.

ಕೊನೆಯ ದಿನ ಗೂಡಲೂರು ಇಳಿದ ಮೇಲೆ ಮುದುಮಲೈ, ಆಮೇಲೆ ನಮ್ಮ ಬಂಡೀಪುರ. ಜಿಂಕೆ, ಆನೆ ರಸ್ತೆಯಿಂದಲೇ ಕಾಣಬಹುದು. ಗಾಡಿ ನಿಲ್ಲಿಸಬೇಡಿ, ಇಳಿಯಲೇಬೇಡಿ. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಾಗಾಗಿ ಊಟಿಯಿಂದ ಬೆಳಿಗ್ಗೆ ನಾಷ್ಟಾ ಮಾಡಿಯೇ ಹೊರಡಿ, ಪೈಕಾರದಲ್ಲಿ ಎರಡು ತಾಸು ಕಳೆದರೂ ಸಂಜೆಗೆ ಮೈಸೂರು ಸೇರುತ್ತೀರಿ. ರಾತ್ರಿ ಅಲ್ಲಿ ಮಲಗಿ ಮಾರನೇ ದಿನ ಬಸವ ಎಕ್ಸ್‌ಪ್ರೆಸ್ ಹಿಡಿದರೆ ಗಾಡಿ ಬದಲಿಸದೆ ಕಲಬುರಗಿ. ಕೆಳಗಿನ ಬರ್ತ್ ಎರಡು ಅಪ್ಪ-ಅವ್ವನಿಗೆ ಅಂತ ಟಿಕೆಟ್ ಮಾಡಿಸುವಾಗಲೇ ಹಿರಿಯ ನಾಗರಿಕರ ಕೋಟಾದಲ್ಲಿ ನೋಡಿ.