‘ಎರಡು ಹುಲ್ಲು ಕೂಡಿ ಗೋಧಿ ಹುಟ್ಟಿತು’ ಅಂದ್ರೆ ಸಾಕಾಗಲ್ಲ

ನಮಸ್ಕಾರ. ಗೋಧಿ ಹುಟ್ಟಿದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದ್ದೆ, ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಬಿಟ್ಬಿಡಿ ಅನ್ನೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಮೂರು ಪ್ಯಾರಾ ತೆಗೀರಿ. ಆದಿಮಾನವ, ಬೆಂಕಿ, ನಾಗರಿಕತೆ ಎಲ್ಲಾ ಬಂದು ಹೋದ್ಮೇಲೆ ‘ಎರಡು ಹುಲ್ಲು ಕೂಡಿ ಗೋಧಿ ಹುಟ್ಟಿತು’ ಅಂತ ಒಂದೇ ಸಾಲು ಬರುತ್ತೆ. ಅಲ್ರೀ, ಕಥೆ ಇರೋದೇ ಆ ಸಾಲಲ್ಲಿ, ಅದನ್ನೇ ಹಾರಿಸಿಬಿಟ್ಟಿದೀರಿ.

ಎಮ್ಮರ್ ಅನ್ನೋ ಹಳೇ ಕಾಲದ ಗೋಧಿನೇ ಎರಡು ಕಾಡುಹುಲ್ಲಿನ ಕೂಡಿಕೆ, ಅದಕ್ಕೆ 28 ಕ್ರೋಮೋಸೋಮ್. ಸುಮಾರು ಒಂಬತ್ತು-ಹತ್ತು ಸಾವಿರ ವರ್ಷದ ಹಿಂದೆ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಕಡೆ ಅದು ಏಜಿಲಾಪ್ಸ್ ಟೌಶಿ ಅನ್ನೋ 14 ಕ್ರೋಮೋಸೋಮಿನ ಹುಲ್ಲಿನ ಜೊತೆ ಬೆರೀತು. ಪರಾಗಕ್ಕೂ ಅಂಡಕ್ಕೂ ಹೋಗೋದು ಅರ್ಧ ಮಾತ್ರ, ಹಾಗಾಗಿ ಹುಟ್ಟಿದ ಗಿಡಕ್ಕೆ ಎಮ್ಮರಿಂದ 14, ಟೌಶಿಯಿಂದ 7, ಒಟ್ಟು 21, ಯಾವುದಕ್ಕೂ ಸರಿಯಾದ ಜೊತೆ ಇಲ್ಲ, ಜೊತೆ ಇಲ್ದಿದ್ರೆ ಪರಾಗ ಅಂಡ ನೆಟ್ಟಗೆ ಆಗಲ್ಲ, ಬೀಜ ಕಟ್ಟಲ್ಲ. ಹಾಗಿದ್ರೆ ಉಳೀತು ಹೇಗೆ ಅಂತ ಓದುಗ ಇಲ್ಲಿ ತಡಕಾಡಬೇಕು. ಅಪರೂಪಕ್ಕೆ ಕೆಲವು ಪರಾಗ, ಅಂಡ ಅರ್ಧ ಆಗದೇ ಪೂರ್ತಿ 21 ಇಟ್ಕೊಂಡೇ ಹುಟ್ತವೆ, ಅಂಥ ಎರಡು ಸೇರಿದ್ರೆ 42, ಎಲ್ಲದಕ್ಕೂ ಜೊತೆ ಸಿಕ್ತು, ಅದೇ ಈಗಿನ ಮಾಮೂಲಿ ಗೋಧಿ.

ಅಲ್ಲಿಗೂ ತಾಪತ್ರಯ ಮುಗೀಲಿಲ್ಲ. ಈಗ ಒಂದೇ ಕೋಶದಲ್ಲಿ ಎ, ಬಿ, ಡಿ ಅಂತ ಮೂರು ಜೀನೋಮ್, ಅಂದ್ರೆ ಮೂರು ಪೂರ್ತಿ ಕ್ರೋಮೋಸೋಮ್ ಸೆಟ್ಟು, ಎ, ಬಿ ಎಮ್ಮರಿಂದ, ಡಿ ಟೌಶಿಯಿಂದ ಬಂದಿದ್ದು, ಮೂರೂ ಒಂದಕ್ಕೊಂದು ಹೋಲ್ತವೆ, ಎ ಕ್ರೋಮೋಸೋಮ್ ಹೋಗಿ ಬಿ ಜೊತೆ ತಗಲಾಕೊಂಡ್ರೆ ಸಂತಾನ ಕೆಡುತ್ತೆ. ಅದನ್ನ ತಡೆಯೋದು 5ಬಿ ಕ್ರೋಮೋಸೋಮಲ್ಲಿರೋ ಪಿಎಚ್1 ಅನ್ನೋ ಭಾಗ, 1958ರಲ್ಲಿ ಗೊತ್ತಾಯ್ತು, 5ಬಿ ಇಲ್ಲದ ಗಿಡಗಳಲ್ಲಿ ಜೋಡಿಗಳು ಅಡ್ಡಾದಿಡ್ಡಿ ಆಗಿದ್ದನ್ನ ನೋಡಿ. ನೀವು ಇದರ ಹೆಸರೇ ಎತ್ತಿಲ್ಲ! ಬದಲಿಗೆ ‘ಮದುವೆ’ ಅಂತ ನಾಲ್ಕು ಕಡೆ ಬರೆದಿದೀರಿ. ಎಲ್ಲಾ ಹೊಡೆದು ಹಾಕಿದೀನಿ, ಯಾಕಂದ್ರೆ ಆ ಹೋಲಿಕೆ ಮುಂದೆ ಏನಾಯ್ತು ಅನ್ನೋದನ್ನ ಹೇಳಲ್ಲ.

ಇನ್ನೊಂದು, ‘ಗೋಧಿಯ ಜೀನೋಮ್ ಮನುಷ್ಯನದಕ್ಕಿಂತ ಐದು ಪಟ್ಟು, ಆದ್ದರಿಂದ ಹೆಚ್ಚು ವಿಕಾಸಗೊಂಡಿದೆ’. ‘ಐದು ಪಟ್ಟು’ ಸರಿ, ‘ಆದ್ದರಿಂದ’ ಅನ್ನೋದು ತಪ್ಪು. ಅದರಲ್ಲಿ ಶೇ. 80ಕ್ಕೂ ಹೆಚ್ಚು ತನ್ನನ್ನೇ ಕಾಪಿ ಮಾಡ್ಕೊಂಡ ಡಿಎನ್‌ಎ ತುಣುಕುಗಳು. ಜೀನೋಮಿನ ಗಾತ್ರಕ್ಕೂ ‘ಮುಂದುವರಿದ’ ಅನ್ನೋದಕ್ಕೂ ಸಂಬಂಧ ಇಲ್ಲ, ಇದನ್ನ ಹಾಗೇ ಬಿಟ್ರೆ ಪತ್ರಗಳು ಬರ್ತವೆ, ಬೈಸಿಕೊಳ್ಳೋದು ನಾನು.

ಎಲ್ಲಾ ಹೈಬ್ರಿಡ್ಡೂ ಗೆಲ್ಲುತ್ತೆ ಅನ್ನೋ ಧಾಟಿ ಬೇಡ. ರಷ್ಯಾದ ವಿಜ್ಞಾನಿ ಕಾರ್ಪೆಚೆಂಕೊ 1920ರ ದಶಕದಲ್ಲಿ ಮೂಲಂಗಿಗೂ ಎಲೆಕೋಸಿಗೂ ಕ್ರಾಸ್ ಮಾಡಿ 36 ಕ್ರೋಮೋಸೋಮಿನ, ಬೀಜ ಕಟ್ಟೋ ಗಿಡ ಪಡೆದ, ಆದ್ರೆ ಬೆಳೆಯಾಗಿ ಅದು ಯಾವ ಕೆಲಸಕ್ಕೂ ಬರಲಿಲ್ಲ. ಅದೇ ಸಾಸಿವೆ ಬಳಗದಲ್ಲಿ ಕನೋಲಾ ಅನ್ನೋ ಎಣ್ಣೆಬೆಳೆ ನಿಂತಿದೆ, 20 ಕ್ರೋಮೋಸೋಮಿನ ಟರ್ನಿಪ್ ಬಳಗ (ಎ ಜೀನೋಮ್), 18ರ ಎಲೆಕೋಸು ಬಳಗ (ಸಿ ಜೀನೋಮ್) ಸೇರಿ 38. 1935ರಲ್ಲೇ ವೂ ಜಾಂಗ್-ಚುನ್ ಅನ್ನೋ ಸಸ್ಯವಿಜ್ಞಾನಿ ಈ ಲೆಕ್ಕ ತೋರಿಸಿದ್ರು, 2014ರಲ್ಲಿ ಕನೋಲಾ ಜೀನೋಮ್ ಓದಿದಾಗ ಕೆಲವು ಕಡೆ ಎ ತುಣುಕಿನ ಜಾಗದಲ್ಲಿ ಸಿ ತುಣುಕು ಬಂದು ಕೂತಿದ್ದು ಕಾಣಿಸ್ತು. ಗೋಧಿ ಪಕ್ಕ ಇದನ್ನಿಡಿ, ಕೂಡಿದ್ಮೇಲೆ ಎಲ್ಲಾ ಜೀನೋಮೂ ಒಂದೇ ಥರ ಬಾಳಲ್ಲ ಅಂತ ನೀವು ಹೇಳದೇನೇ ಗೊತ್ತಾಗುತ್ತೆ.

ಕೊನೆಗೆ ‘ವಿಜ್ಞಾನ ಇನ್ನೇನು ಪವಾಡ ಮಾಡುವುದೋ’ ಬೇಡ. ಎಮ್ಮರ್-ಟೌಶಿ ಕೂಡಿಕೆ ಕೆಲವೇ ಸಲ ಆಗಿದ್ದಕ್ಕೆ ಗೋಧಿಯ ಡಿ ಜೀನೋಮಲ್ಲಿ ವೈವಿಧ್ಯ ಕಮ್ಮಿ, ಅದಕ್ಕೇ ಮೆಕ್ಸಿಕೊದ ಸಿಮಿಟ್ ಅನ್ನೋ ಗೋಧಿ-ಜೋಳದ ಸಂಶೋಧನಾ ಸಂಸ್ಥೆಯವರು ಎಮ್ಮರ್ ಥರಾನೇ 28 ಕ್ರೋಮೋಸೋಮಿರೋ ಡ್ಯೂರಮ್ ಗೋಧಿನ ಮತ್ತೆ ಟೌಶಿ ಜೊತೆ ಕ್ರಾಸ್ ಮಾಡಿ ಹೊಸ ಗೋಧಿ ಕಟ್ಟಿದಾರೆ, ಅದನ್ನ ಬರೀರಿ. 14, 7, 21, 42ರ ಒಂದು ಚಿತ್ರ ಕೈಯಲ್ಲೇ ಗೀಚಿ ಜೊತೆಗೆ ಕಳಿಸಿ, ನಮ್ಮ ಆರ್ಟಿಸ್ಟ್ ನೀಟಾಗಿ ಮಾಡ್ಕೊಡ್ತಾರೆ.